ಹನ್ನೊಂದನೆಯವಳ ಪಾಲು

ಮಾರ್ಚ್ 3, ಸೋಮವಾರ

ಮಗಳೇ,

ಇವತ್ತು ಸೋಮವಾರ, ಉಪವಾಸ. ಐದಕ್ಕೆ ಎದ್ದು ನೀರು ಹಿಡಿದೆ, ಬಾಗಿಲು ಗುಡಿಸಿದೆ, ದೇವರ ಮುಂದೆ ದೀಪ ಹಚ್ಚಿದೆ, ಪಕ್ಕದ ಮನೆಯ ಅಜ್ಜಿಗೆ ಹಾಲು ಕಾಯಿಸಿ ಕೊಟ್ಟು ಬಂದೆ. ಅವರು ಎಂದಿನಂತೆ ಸಕ್ಕರೆ ಕಡಿಮೆಯಾಯಿತು ಎಂದರು. ಇನ್ನು ಒಂದು ಗಂಟೆಯಲ್ಲಿ ಆಸ್ಪತ್ರೆಯ ಲಾಂಡ್ರಿಗೆ ಹೊರಡಬೇಕು. ಅಷ್ಟರೊಳಗೆ ಇದನ್ನು ಬರೆದು ಮುಗಿಸಿದರೆ ನಗರದ ದೊಡ್ಡಾಸ್ಪತ್ರೆಗೆ ಬಟ್ಟೆ ಒಯ್ಯುವ ವ್ಯಾನಿನವನ ಕೈಯಲ್ಲಿ ಕೊಡಬಹುದು. ಅವನು ನಿನ್ನ ಪ್ರಯೋಗಾಲಯದ ಮೆಟ್ಟಿಲ ಮೇಲೆ ಇಡುತ್ತಾನೆ. ಅಂಚೆಗಿಂತ ಇವನೇ ವಾಸಿ. ಫೋನ್ ಮಾಡಬಾರದೇ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನೀನು ಊಟ ಆಯಿತಾ ಎನ್ನುತ್ತೀಯ, ನಾನು ಆಯಿತು ಎನ್ನುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿದುಹೋಗುತ್ತದೆ.

ನೀನು ಕಳಿಸಿದ ಸಹಾಯಧನದ ಅರ್ಜಿ ಗುರುವಾರ ಸಿಕ್ಕಿತು. ಗೇಟಿನಿಂದ ತಂದುಕೊಟ್ಟವಳು ನನ್ನ ಜೊತೆ ಬಟ್ಟೆ ಮಡಿಸುವ ಉದ್ದಕ್ಕ. ನಿನ್ನ ಕಾಗದ ಬಂದರೆ ಅವಳಿಗೆ ಹೇಗೋ ಗೊತ್ತಾಗುತ್ತದೆ, ಆ ಉದ್ದ ಕಾಲಿನಲ್ಲಿ ನಾಲ್ಕೇ ಹೆಜ್ಜೆಗೆ ಗೇಟು ಮುಟ್ಟಿ ಬಂದುಬಿಡುತ್ತಾಳೆ. ಒಂಬತ್ತು ಪುಟ ನೋಡಿ ಅವಳೇ ಹೆದರಿದಳು. "ಅಕ್ಕಾ, ಓದೋಕೆ ಹೋಗೋದು ಮಗಳು, ಪರೀಕ್ಷೆ ಬರೆಯೋದು ನೀವಾ?" ಎಂದಳು.

ಪೋಷಕರೇ ತುಂಬಿ ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು ಎಂದು ಮೇಲೆ ಬರೆದಿತ್ತಲ್ಲ, ಹಾಗೆಯೇ ಮಾಡಿದೆ. ಲಾಂಡ್ರಿಯ ಗುಮಾಸ್ತರು ತಾವು ತುಂಬಿಕೊಡುತ್ತೇವೆ ಎಂದರು, ಬೇಡ ಎಂದೆ. ನಾಲ್ಕು ದಿನ ಹಿಡಿಯಿತು. ಕೊನೆಯ ಪುಟದಲ್ಲಿ "ಮೇಲೆ ಬರೆದುದೆಲ್ಲ ಸತ್ಯ" ಎಂದು ಸಹಿ ಹಾಕಬೇಕಿತ್ತು. ಅಂಥ ಸಹಿಯನ್ನು ಉಂಡ ಹೊಟ್ಟೆಯಲ್ಲಿ ಹಾಕಬಾರದು ಎನಿಸಿ ಇವತ್ತಿನ ತನಕ ಇಟ್ಟುಕೊಂಡಿದ್ದೆ. ಬೆಳಿಗ್ಗೆ ದೀಪದ ಮುಂದೆ ಕುಳಿತು ಹಾಕಿದೆ. ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ.

ಹೊಲಿಗೆ ಯಂತ್ರ ಬರೆದಿದ್ದೇನೆ. ಹಿತ್ತಾಳೆ ದೀಪ ಬರೆದಿದ್ದೇನೆ. ವಾಹನ ಎಂದು ಕೇಳಿದ್ದರು, ನಾನು ತಳ್ಳುವ ಟ್ರಾಲಿ ಆಸ್ಪತ್ರೆಯದು, ನನ್ನದಲ್ಲ, ಒಂದು ಚಕ್ರ ಕೆಟ್ಟಿದೆ ಎಂದು ಬರೆದೆ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಹಣವಿದೆ ಎಂಬಲ್ಲಿ ಒಂದು ಗಳಿಗೆ ಪೆನ್ನು ನಿಂತಿತು. ಆಮೇಲೆ ಪಾಸ್‌ಬುಕ್ ತೆಗೆದು ಚಿಲ್ಲರೆ ಸಹಿತ ಬರೆದೆ. ಕೇಳಿದ್ದು ನಿಮ್ಮ ಹೆಸರಿನಲ್ಲಿ ಎಂದು, ನನ್ನ ಹೆಸರಿನಲ್ಲಿ ಇರುವುದು ಅಷ್ಟು. ದೇವರು ನೋಡುತ್ತಿರುವಾಗ ಅದಕ್ಕಿಂತ ಕಡಿಮೆ ಬರೆಯುವುದು ಹೇಗೆ?

ಇನ್ನು ನಿನ್ನ ಸೀಟು ಆ ದೇವರಿಗೆ ಬಿಟ್ಟಿದ್ದು.

ನಿನ್ನ ಅಮ್ಮ


ಮಾರ್ಚ್ 6, ಗುರುವಾರ

ಅಮ್ಮಾ,

ಟ್ರಾಲಿಯ ಚಕ್ರದ ವಿಷಯ ಓದಿ ಪ್ರಯೋಗಾಲಯದಲ್ಲಿ ಒಬ್ಬಳೇ ನಕ್ಕೆ. ನೆರವು ವಿಭಾಗದವರು ಅದನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ ನೋಡು. ನಾಲ್ಕು ದಿನ ಕುಳಿತು ಒಂಬತ್ತು ಪುಟ ತುಂಬಿದ್ದೀಯ. ನನ್ನ ಜೊತೆ ಅರ್ಜಿ ಹಾಕಿದವರೆಲ್ಲ ಯಾರಿಗೋ ದುಡ್ಡು ಕೊಟ್ಟು ತುಂಬಿಸಿದ್ದಾರೆ.

ನಿನಗೆ ಸರಿಯಾಗಿ ತಿಳಿಯಲೆಂದು ಮತ್ತೆ ಬರೆಯುತ್ತೇನೆ. ಸ್ನಾತಕೋತ್ತರಕ್ಕೆ ಸೀಟು ಸಿಕ್ಕಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡು ವರ್ಷದ ಶುಲ್ಕಕ್ಕೆ ನನ್ನ ಸಂಬಳವಲ್ಲ, ನಮ್ಮಿಬ್ಬರ ಸಂಬಳ ಸೇರಿಸಿದರೂ ಸಾಲದು. ಕುಟುಂಬದ ಸ್ಥಿತಿ ನೋಡಿ ಅವರು ಸಹಾಯಧನ ಕೊಡುತ್ತಾರೆ. ಪೂರ್ತಿ ಕೊಟ್ಟರೆ ಶುಲ್ಕ ಇಲ್ಲ, ಊಟ ವಸತಿಗೆ ಮಾತ್ರ ಚಿಕ್ಕ ಸಾಲ. ಏಪ್ರಿಲ್ ಮೂವತ್ತರೊಳಗೆ ಮೊದಲ ಕಂತು ಕಟ್ಟುತ್ತೇನೆ ಎಂದು ತೋರಿಸದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ನಮ್ಮಂಥವರಿಗೆ ಪೂರ್ತಿ ಸಿಗುತ್ತದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ.

ಪ್ರವೇಶದ ಪ್ರಬಂಧದಲ್ಲಿ ನಿನ್ನ ಬಗ್ಗೆಯೇ ಬರೆದೆ ಅಮ್ಮಾ. ರೋಗಿಗಳ ಹಾಸನ್ನು ನೀನು ಹೇಗೆ ಬೇರ್ಪಡಿಸುತ್ತೀಯ, ರಕ್ತದ ಕಲೆ ಇದ್ದದ್ದನ್ನು ಕೊಡವದೆ ಒಳಮುಖವಾಗಿ ಸುತ್ತಬೇಕು ಎಂದು ನನಗೆ ಆರು ವರ್ಷವಿದ್ದಾಗಲೇ ಹೇಳಿಕೊಟ್ಟದ್ದು. ಆಸ್ಪತ್ರೆಯಲ್ಲಿ ಸೋಂಕು ಹೇಗೆ ಹರಡುತ್ತದೆ ಎಂದು ನಾನು ಕಲಿಯಲು ಹೊರಟಿದ್ದೇ ಅಲ್ಲಿಂದ. ಅಪ್ಪ ಹೋದಮೇಲೆ ಒಂದೇ ಸಂಬಳದಲ್ಲಿ, ಏನೂ ಉಳಿಯದ ಮನೆಯಲ್ಲಿ ಬೆಳೆದೆ ಎಂದೂ ಬರೆದಿದ್ದೇನೆ.

ಉದ್ದಕ್ಕನಿಗೆ ಹೇಳು, ಪರೀಕ್ಷೆಯಲ್ಲಿ ನೀನು ಪಾಸು.

ನಿನ್ನ ಮಗಳು


ಮಾರ್ಚ್ 31, ಸೋಮವಾರ

ಅಮ್ಮ,

ವಿಶ್ವವಿದ್ಯಾಲಯದ ಉತ್ತರ ಬಂತು. ಸಹಾಯಧನ ಇಲ್ಲ. ಕುಟುಂಬದ ಬಳಿ ಸಾಕಷ್ಟು ಉಳಿತಾಯ ಇರುವುದರಿಂದ ಕೊಡಲು ಬರುವುದಿಲ್ಲ ಎಂದಿದ್ದಾರೆ. ಅದರ ಕೆಳಗೆ ಇನ್ನೊಂದು ಸಾಲು: ಅರ್ಜಿದಾರರು ಪ್ರಬಂಧದಲ್ಲಿ ಹೇಳಿದ್ದಕ್ಕೂ ಪೋಷಕರು ತಿಳಿಸಿದ್ದಕ್ಕೂ ಹೊಂದಾಣಿಕೆ ಇಲ್ಲ. ಅಂದರೆ ನಾನು ಸುಳ್ಳು ಹೇಳಿದವಳು.

ತಪ್ಪಾಗಿದೆ, ಯಾರದೋ ಅರ್ಜಿಯ ಜೊತೆ ನಮ್ಮದು ಬೆರೆತಿದೆ ಎಂದು ಹೋಗಿ ಜಗಳವಾಡಿದೆ. ಅವರು ನಿನ್ನ ಕೈಬರಹ ತೋರಿಸಿದರು. ನಿನ್ನ ದುಂಡನೆಯ ಅಂಕಿಗಳು. ಚಿಲ್ಲರೆ ಸಹಿತ.

ನಿನ್ನ ನಾಲ್ಕು ವರ್ಷದ ಸಂಬಳ ಅದು. ಎಲ್ಲಿಂದ ಬಂತು? ಯಾವಾಗಿನಿಂದ ಇದೆ?

ಹತ್ತನೇ ತರಗತಿಯಲ್ಲಿ ನನ್ನ ಶೂ ಬಾಯಿಬಿಟ್ಟಾಗ ಬಾಯ್ಲರ್ ಕೋಣೆಯ ಅಂಟಿನಲ್ಲಿ ಅಂಟಿಸಿಕೊಟ್ಟಿದ್ದೆ. ಕಾಲೇಜಿಗೆ ಬಸ್ ಪಾಸು ಬೇಡ, ನಡೆದರೆ ಒಳ್ಳೆಯದು ಎಂದಿದ್ದೆ. "ಕೈ ಖಾಲಿ ಕಣೇ" ಎಂದು ನೀನು ಅಂದಾಗಲೆಲ್ಲ ನಾನು ನಂಬಿದೆ. ನಿನ್ನ ಮಾತನ್ನು ನಂಬದಿರುವುದು ಹೇಗೆಂದು ನನಗೆ ಗೊತ್ತೇ ಇರಲಿಲ್ಲ.

ವ್ಯಾನಿನಲ್ಲಿ ಉತ್ತರ ಕಳಿಸು.


ಏಪ್ರಿಲ್ 3, ಗುರುವಾರ

ಮಗಳೇ,

ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ.

ಅದು ಕಳ್ಳತನದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಹಾಸು ಎಣಿಸುತ್ತಿದ್ದೇನೆ, ಆಸ್ಪತ್ರೆಯ ಒಂದು ದಿಂಬಿನ ಕವರೂ ನಮ್ಮ ಮನೆಗೆ ಬಂದಿಲ್ಲ. ಒಂದು ಸಲ ಒಂದು ಕಡಿಮೆಯಾದಾಗ ನನ್ನ ಸಂಬಳದಲ್ಲಿ ಹಿಡಿಸಿ ತುಂಬಿಕೊಟ್ಟವಳು ನಾನು. ಅದು ಆಮೇಲೆ ಬಾಯ್ಲರಿನ ಹಿಂದೆ ಸಿಕ್ಕಿತು, ಅದು ಬೇರೆ ಮಾತು. ನಿನ್ನ ತಾಯಿಯ ಮೇಲೆ ಅಂಥ ಯೋಚನೆ ನಿನಗೆ ಬರಬಾರದಿತ್ತು.

ಆ ಹಣ ನನ್ನ ಹೆಸರಿನಲ್ಲಿದೆ. ನನ್ನದಲ್ಲ. ಯಾರದು ಎಂದು ಹೇಳಲಾರೆ, ದೇವರ ಮುಂದೆ ಮಾತು ಕೊಟ್ಟಿದ್ದೇನೆ. ಇದಕ್ಕಿಂತ ಹೆಚ್ಚು ಕೇಳಬೇಡ.

ಅವರಿಗೂ ಇಷ್ಟನ್ನೇ ಹೇಳಿ ನೋಡು. ದೊಡ್ಡ ಓದು ಓದಿದವರು, ಅರ್ಥ ಮಾಡಿಕೊಳ್ಳುತ್ತಾರೆ.

ನಿನಗೆಂದು ಎರಡು ದಿಂಬಿನ ಕವರ್ ಹೊಲಿದು ಕಳಿಸಿದ್ದೇನೆ. ಬಟ್ಟೆ ಅಂಗಡಿಯಲ್ಲಿ ಕೊಂಡದ್ದು, ರಸೀದಿ ಒಳಗಿದೆ.

ನಿನ್ನ ಅಮ್ಮ


ಏಪ್ರಿಲ್ 7, ಸೋಮವಾರ

ಅಮ್ಮ,

ಕಳ್ಳತನ ಎಂದು ನಾನು ಎಲ್ಲಿ ಬರೆದೆ? ದಿಂಬಿನ ಕವರಿನ ರಸೀದಿ ಕಳಿಸುತ್ತೀಯಲ್ಲ, ಇಷ್ಟು ಹಣದ ಬಗ್ಗೆ ಒಂದು ಮಾತು ಇಲ್ಲ.

ಸಿಟ್ಟು ಬದಿಗಿಡುತ್ತೇನೆ. ಬ್ಯಾಂಕಿಗೆ ಹೋಗಿದ್ದೆ. ಸಹಾಯಧನ ಇಲ್ಲದೆ ಪೂರ್ತಿ ಶುಲ್ಕಕ್ಕೆ ಶೈಕ್ಷಣಿಕ ಸಾಲ ಬೇಕಾದರೆ ಆಸ್ತಿ ಕೇಳುತ್ತಾರೆ. ಮನೆ ಬಾಡಿಗೆಯದು, ಹೊಲವಿಲ್ಲ ಎಂದೆ. ತಂದೆ ತಾಯಿಯ ಹೆಸರಿನಲ್ಲಿ ಠೇವಣಿ ಏನಾದರೂ ಇದ್ದರೆ ಅದನ್ನು ಅಡವಾಗಿ ತೋರಿಸಿ, ಎರಡೇ ದಿನದಲ್ಲಿ ಸಾಲ ಕೊಡುತ್ತೇವೆ ಎಂದರು. ಆ ಹಣ ಅಲ್ಲೇ ಇರುತ್ತದೆ ಅಮ್ಮ. ಯಾರೂ ಮುಟ್ಟುವುದಿಲ್ಲ. ನಾನು ಕೆಲಸ ಹಿಡಿದು ತೀರಿಸುವ ತನಕ ತೆಗೆಯಬಾರದು, ಅಷ್ಟೇ. ನನಗೆ ಕೊಡು ಎಂದು ಕೇಳುತ್ತಿಲ್ಲ. ಒಂದು ಸಹಿ ಕೇಳುತ್ತಿದ್ದೇನೆ.

ಇಲ್ಲವಾದರೆ ಆ ಹಣ ನಿನ್ನದಲ್ಲ ಎಂದು ದಾಖಲೆ ಸಮೇತ ತೋರಿಸಬೇಕು. ಮೇಲ್ಮನವಿಗೆ ಏಪ್ರಿಲ್ 25 ಕೊನೆಯ ದಿನ. ತಾಯಿ ಮಾತು ಕೊಟ್ಟಿದ್ದಾರೆ ಎಂದು ಬರೆದುಕೊಡಲು ಅದರಲ್ಲಿ ಜಾಗವಿಲ್ಲ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಪ್ರಯೋಗಾಲಯದ ಕೆಲಸ ಬಿಡುವುದಾಗಿ ಫೆಬ್ರವರಿಯಲ್ಲೇ ಬರೆದುಕೊಟ್ಟಿದ್ದೆ, ನನ್ನ ಜಾಗಕ್ಕೆ ಬೇರೆಯವರು ಬಂದಾಯಿತು. ಈ ತಿಂಗಳ ಕೊನೆಗೆ ನನಗೆ ಕೆಲಸವೂ ಇಲ್ಲ, ಸೀಟೂ ಇಲ್ಲ.

ದೇವರಿಗೆ ದಿನಾ ಬೆಳಿಗ್ಗೆ ಎಲ್ಲವನ್ನೂ ಹೇಳಿಕೊಳ್ಳುತ್ತೀಯ. ಮಗಳಿಗೆ ಹೇಳಲು ಮಾತ್ರ ನಿನಗೆ ಬಾಯಿಲ್ಲ.


ಏಪ್ರಿಲ್ 10, ಗುರುವಾರ

ಮಗಳೇ,

ದೇವರಿಗೂ ನಾನು ಹೇಳಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು.

ಅಡವಿಡಲಾರೆ. ನನ್ನ ಹೆಸರಿರುವುದು ಕಾಯಲಿಕ್ಕೆ, ಬಳಸಲಿಕ್ಕಲ್ಲ. ನಾಳೆ ಯಾರಾದರೂ ಬಂದು ನನ್ನದು ಕೊಡಿ ಎಂದರೆ, ತಡಿ, ನನ್ನ ಮಗಳ ಓದು ಮುಗಿಯಲಿ ಎನ್ನಲೇ?

ಹೊಲಿಗೆ ಯಂತ್ರ ಮಾರುತ್ತೇನೆ. ದೀಪ ಮಾರುತ್ತೇನೆ. ಲಾಂಡ್ರಿಯಲ್ಲಿ ಎರಡನೇ ಪಾಳಿ ಕೇಳಿದ್ದೇನೆ. ಇವುಗಳಿಂದ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತು. ನನ್ನದು ಎನ್ನುವುದು ಇಷ್ಟೇ ಇರುವಾಗ ಇಷ್ಟನ್ನೇ ಹೇಳಬೇಕಲ್ಲ.

ಕೆಲಸ ಬಿಟ್ಟದ್ದನ್ನು ನೀನು ಹೇಳಬಹುದಿತ್ತು. ಊಟ ಮಾಡು.

ಅಮ್ಮ


ಏಪ್ರಿಲ್ 21, ಸೋಮವಾರ

ಮಗಳೇ,

ಮೂರು ಸಲ ವ್ಯಾನು ಬರಿಗೈಯಲ್ಲಿ ಬಂತು. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಇದನ್ನಾದರೂ ಪೂರ್ತಿ ಓದು. ಇದರೊಂದಿಗೆ ಹತ್ತು ಕಾಗದ ಇವೆ, ಅವುಗಳ ಕಥೆ ಹೇಳುತ್ತೇನೆ. ಹೇಳಲು ಅಪ್ಪಣೆ ಸಿಕ್ಕಿದೆ, ಅದಕ್ಕೆ ಹೇಳುತ್ತಿದ್ದೇನೆ.

ನಿನಗೆ ಅಂಥ ಕಾಗದ ಬರೆದ ದಿನದಿಂದ ನಾನು ಸೋಮವಾರವೊಂದೇ ಅಲ್ಲ, ದಿನವೂ ಉಪವಾಸ ಹಿಡಿದೆ. ಸಂಜೆ ಒಂದು ಹೊತ್ತು ತಿನ್ನುತ್ತಿದ್ದೆ, ಗಾಬರಿಯಾಗಬೇಡ. ಕೊಟ್ಟ ಮಾತನ್ನೂ ಉಳಿಸು, ಮಗಳ ಓದನ್ನೂ ಉಳಿಸು ಎಂದು ಕೇಳುತ್ತಿದ್ದೆ. ಎರಡನ್ನೂ ಒಟ್ಟಿಗೆ ಕೇಳುವುದು ದುರಾಸೆ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಕಳೆದ ಬುಧವಾರ ಇಸ್ತ್ರಿ ರೋಲರಿನ ಹತ್ತಿರ ಕಣ್ಣು ಕತ್ತಲಿಟ್ಟಿತು. ನಾನು ಮತ್ತು ಉದ್ದಕ್ಕ ಹಾಸು ಮಡಿಸುತ್ತಿದ್ದೆವು. ನಿನಗೆ ಗೊತ್ತಲ್ಲ, ಹತ್ತು ವರ್ಷದಿಂದ ಅವಳು ಆ ಕಡೆಯ ಎರಡು ಮೂಲೆ, ನಾನು ಈ ಕಡೆಯ ಎರಡು ಮೂಲೆ. ನನ್ನ ಕೈಯಿಂದ ಹಾಸು ಜಾರಿತು, ನಾನೂ ಜಾರಿದೆ. ಎಡಗೈ ರೋಲರಿನ ಅಂಚಿಗೆ ತಗುಲಿ ಸುಟ್ಟಿತು. ಆಸ್ಪತ್ರೆಯಲ್ಲೇ ಬಿದ್ದದ್ದರಿಂದ ಕಟ್ಟು ಹಾಕಿಸಿಕೊಳ್ಳಲು ದೂರ ಹೋಗಬೇಕಾಗಲಿಲ್ಲ.

ಕುಪ್ಪಸದಲ್ಲಿ ಇಟ್ಟುಕೊಂಡಿದ್ದ ನಿನ್ನ ಏಪ್ರಿಲ್ ಏಳರ ಕಾಗದ ಆಗ ಕೆಳಗೆ ಬಿತ್ತಂತೆ. ರೋಗಿಗಳ ಅಂಗಿಗೆ ಗುಂಡಿ ಹಾಕುವ ಗುಂಡಿಯಕ್ಕ ಅದನ್ನು ಎತ್ತಿಕೊಂಡಳು. ಬೇರೆಯವರ ಕಾಗದ ಓದಬಾರದು ಎಂದು ಆ ಹೆಂಗಸಿಗೆ ಯಾರೂ ಹೇಳಿಕೊಟ್ಟಿಲ್ಲ. ಬಾಯ್ಲರಿನ ಸದ್ದಿಗೂ ಮೇಲೆ ದನಿಯೆತ್ತಿ ಎಲ್ಲರಿಗೂ ಓದಿ ಹೇಳಿದಳು.

ಈಗ ಮೊದಲಿನಿಂದ ಹೇಳುತ್ತೇನೆ. ಹತ್ತು ವರ್ಷದ ಹಿಂದೆ, ನಾನು ಆ ದಿಂಬಿನ ಕವರಿಗೆ ದುಡ್ಡು ಕಟ್ಟಿದೆನಲ್ಲ, ಅದರ ಮರು ತಿಂಗಳು ಸಂಬಳದ ದಿನ ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಕ್ಕ ಬಂದು ನನ್ನ ಕೈಗೆ ಒಂದಿಷ್ಟು ದುಡ್ಡು ತುರುಕಿದಳು. "ಲೆಕ್ಕದಕ್ಕಾ, ಇದನ್ನ ಎಲ್ಲಾದ್ರೂ ಇಡಿ. ನಾನು ಮನೆಗೆ ಒಯ್ದರೆ ಅವನು ಕುಡೀತಾನೆ" ಎಂದಳು. ಮರು ತಿಂಗಳು ಇನ್ನಿಬ್ಬರು. ವರ್ಷ ಕಳೆಯುವುದರೊಳಗೆ ಹನ್ನೊಂದು ಜನ ಆದರು. ಒಬ್ಬಳಿಗೆ ಗಂಡ, ಒಬ್ಬಳಿಗೆ ಮಗ, ಒಬ್ಬಳಿಗೆ ಅತ್ತೆ, ಯಾರಾದರೂ ಒಬ್ಬರು ಸಂಬಳದ ದಿನ ಬಾಗಿಲಲ್ಲಿ ಕಾಯುವವರು. ಬ್ಯಾಂಕಿಗೆ ಅವರೇ ಹೋದರೆ ಪಾಸ್‌ಬುಕ್ ಮನೆಯಲ್ಲಿ ಸಿಕ್ಕಿಬೀಳುತ್ತದೆ. ನನ್ನ ಮನೆಯಲ್ಲಿ ಹುಡುಕುವವರಿಲ್ಲ. ತಿಂಗಳಿಗೊಮ್ಮೆ ಹಾಸಿನ ಕೋಣೆಯಲ್ಲಿ ಒಂದು ಹಳೆಯ ದಿಂಬಿನ ಕವರ್ ನೇತು ಹಾಕುತ್ತೇನೆ. ಅವರವರ ಗುರುತು ಹೊಲಿದ ಚಿಂದಿಯಲ್ಲಿ ಕಟ್ಟಿ ಹಾಕುತ್ತಾರೆ. ಯಾರದು ಎಷ್ಟು ಎಂದು ನಾನು ಬರೆದುಕೊಂಡು ಬ್ಯಾಂಕಿಗೆ ಹಾಕುತ್ತೇನೆ. ಯಾವ ಜೀವಕ್ಕೂ ಹೇಳುವುದಿಲ್ಲ ಎಂದು ಹಾಸಿನ ಕೋಣೆಯಲ್ಲೇ ದೇವರ ಹೆಸರು ಹಿಡಿದು ಹೇಳಿದ್ದೆ. ಯಾವ ಜೀವ ಎಂದಾಗ ನೀನೂ ಅದರಲ್ಲಿ ಸೇರಿದೆ ಎಂದು ಅವತ್ತು ಹೊಳೆದಿರಲಿಲ್ಲ.

ನಿನ್ನ ಶೂ ಅಂಟಿಸಿದಾಗಲೂ ಅದರಲ್ಲಿ ಬೇಕಾದಷ್ಟು ಇತ್ತು. ಒಂದು ಶೂಗಾಗುವಷ್ಟು ತೆಗೆದು ಮರು ತಿಂಗಳು ತುಂಬಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವತ್ತು ಪಾಸ್‌ಬುಕ್ ಕೈಯಲ್ಲಿ ಹಿಡಿದು ಕುಳಿತಿದ್ದೆ ಎಂಬುದನ್ನು ಈಗ ನಿನಗೆ ಹೇಳುತ್ತೇನೆ. ಕೈ ಖಾಲಿ ಎಂದು ನಿನಗೆ ಹೇಳಿದ್ದು ಸುಳ್ಳಲ್ಲ.

ಅವರನ್ನು ನಾನೇ ಕೇಳಬಹುದಿತ್ತಲ್ಲ ಎನ್ನುತ್ತೀಯ. ನಾನು ಕೇಳಿದರೆ ಇಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಅದು ಕೇಳಿದಂತಲ್ಲ, ಕಿತ್ತುಕೊಂಡಂತೆ.

ಗುರುವಾರ ಊಟದ ಬಿಡುವಿನಲ್ಲಿ ಎಲ್ಲರೂ ಹಾಸಿನ ಕೋಣೆಯಲ್ಲಿ ಸೇರಿದರು. ಅವರವರ ಪಾಲು ಎಷ್ಟೆಂದು ಅವರವರೇ ಬರೆದು ಸಹಿ ಮಾಡಿದರೆ ಸಾಕು ಎಂದು ಗುಮಾಸ್ತರನ್ನು ಕೇಳಿ ತಿಳಿದುಕೊಂಡು ಬಂದಿದ್ದರು. ಆದರೆ ಮನೆಯ ವಿಳಾಸ ಹಾಕಬೇಕು, ನಿಜವೇ ಎಂದು ಕೇಳಿ ಮನೆಗೆ ಕಾಗದ ಬಂದರೂ ಬರಬಹುದು. ಬೇಡ, ನಿಮ್ಮ ಗುಟ್ಟು ಬೀದಿಗೆ ಬೀಳುವುದು ಬೇಡ ಎಂದೆ. ಬಾಯ್ಲರಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹದಿನೆಂಟು ವರ್ಷ ಆ ಬಾಯ್ಲರ್ ಮುಂದೆ ನಿಂತಿದೀನಿ. ಅವನ ಬಿಸಿಗೆ ಹೆದರ್ತೀನಾ? ಬರಲಿ ಕಾಗದ. ನಾನೇ ಓದಿ ಹೇಳ್ತೀನಿ" ಎಂದಳು. ಅವಳಿಗೆ ಓದಲು ಬರುವುದಿಲ್ಲ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಕುಳಿತರು. ಸಹಿ ಬರದವರು ಹೆಬ್ಬೆಟ್ಟು ಒತ್ತಿದರು, ಗುಂಡಿಯಕ್ಕ ಬರೆದಳು. ಅವಳ ಕಾಗುಣಿತ ನೋಡಿ ನಗಬೇಡ.

ಹತ್ತು ಕಾಗದ ಆದವು. ಹನ್ನೊಂದನೆಯವಳು ಉದ್ದಕ್ಕ.

ಅವಳ ಪಾಲು ಎಲ್ಲರಿಗಿಂತ ದೊಡ್ಡದು, ಮೂರರಲ್ಲಿ ಒಂದು ಭಾಗ ಅವಳದೇ. ಸಂಜೆ ಬೇರೆ ಮನೆಗಳಲ್ಲೂ ದುಡಿದು ಹಾಕಿದ್ದು. ಯಾಕೆ ಅಷ್ಟು ಕೂಡಿಡುತ್ತಾಳೆ ಎಂದು ನನಗೆ ಗೊತ್ತು. ತೋಳುದ್ದದ ರವಿಕೆ ಬೇಸಿಗೆಯಲ್ಲೂ ಯಾಕೆ ಹಾಕುತ್ತಾಳೆ ಎಂದೂ ಗೊತ್ತು. ಒಂದು ದಿನ ಮಗುವನ್ನು ಕರೆದುಕೊಂಡು ಬೇರೆ ಊರಿನಲ್ಲಿ ಒಂದು ಕೋಣೆ ಹಿಡಿಯಬೇಕು, ಅದಕ್ಕೆ. ಮನೆಗೆ ಬರುವ ಕಾಗದವನ್ನೆಲ್ಲ ಗಂಡ ಒಡೆಯುತ್ತಾನೆ. ಪೆನ್ನು ಕೈಗೆ ಬಂದಾಗ ಅವಳು ತೆಗೆದುಕೊಂಡಳು, ಸ್ವಲ್ಪ ಹೊತ್ತು ಹಿಡಿದುಕೊಂಡಳು, ಮೇಜಿನ ಮೇಲೆ ಇಟ್ಟಳು. "ಅಕ್ಕಾ, ನನ್ನ ಕೈಲಿ ಆಗಲ್ಲ" ಎಂದು ಎದ್ದು ಹೋದಳು. ಗುಂಡಿಯಕ್ಕ ಏನೋ ಅನ್ನಲು ಹೊರಟಳು, ನಾನು ಬಾಯಿ ಮುಚ್ಚಿಸಿದೆ.

ಅವಳ ಹೆಸರನ್ನು ನೀನು ಯಾರಿಗೂ ಹೇಳಬಾರದು. ಅವಳ ಬಗ್ಗೆ ಅಪ್ಪಣೆ ಸಿಕ್ಕಿಲ್ಲ, ನಿನಗೆ ಹೇಳಿದ್ದು ನಾನು ಮಾಡಿದ ತಪ್ಪು. ನೀನು ಲೆಕ್ಕ ಹಾಕಿದರೆ ಹೇಗೂ ಗೊತ್ತಾಗುತ್ತಿತ್ತು ಎಂದು ಸಮಾಧಾನ ಮಾಡಿಕೊಂಡೆ. ನನ್ನ ಕಾಗದದಲ್ಲಿ ಹೀಗೆ ಬರೆದಿದ್ದೇನೆ: ಹತ್ತು ಜನರ ಪಾಲು ಕಳೆದು ಉಳಿದದ್ದು ನನ್ನ ಹೆಸರಿನಲ್ಲಿದೆ, ಅದರ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ಅದರಲ್ಲಿ ಸುಳ್ಳಿಲ್ಲ.

ನಾಲ್ಕು ದಿನ ಉಳಿದಿದೆ. ಕೈಯಲ್ಲೇ ಒಯ್ದು ಕೊಡು.

ನಿನ್ನ ಅಮ್ಮ


ಏಪ್ರಿಲ್ 24, ಗುರುವಾರ

ಅಮ್ಮಾ,

ನಿನ್ನ ಕೈ ಹೇಗಿದೆ? ಅದನ್ನು ಮೊದಲು ಬರೆ. ಬೇರೆಯದೆಲ್ಲ ಆಮೇಲೆ.

ಮೆಟ್ಟಿಲ ಮೇಲೆ ಕುಳಿತು ಓದಿದೆ. ವ್ಯಾನಿನವರು ನನ್ನನ್ನು ನೋಡಿ, ಯಾರಾದರೂ ಹೋದರೇನಮ್ಮಾ ಎಂದು ಕೇಳಿದರು. ಇಲ್ಲ, ಯಾರೂ ಹೋಗಿಲ್ಲ ಎಂದೆ. ನಾನು ಬರೆದ ಕಾಗದಗಳನ್ನೆಲ್ಲ ಬಾಯ್ಲರಿಗೆ ಹಾಕಿಬಿಡು. ಶೂ ವಿಷಯ ಬರೆದದ್ದನ್ನು ಮೊದಲು ಹಾಕು.

ಮರುದಿನವೇ ಹೋದೆ. ನೆರವು ವಿಭಾಗದ ಅಧಿಕಾರಿ ನಿನ್ನ ವಯಸ್ಸಿನವರು, ಎರಡು ಕನ್ನಡಕ ಇಟ್ಟುಕೊಂಡಿದ್ದಾರೆ, ಒಂದು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಾರೆ. ಹತ್ತು ಕಾಗದವನ್ನೂ ಒಂದೊಂದಾಗಿ ಓದಿದರು. ಬಾಯ್ಲರಕ್ಕನ ಹೆಬ್ಬೆಟ್ಟಿನ ಪಕ್ಕದಲ್ಲಿ ಮಸಿ ಹತ್ತಿದೆಯಲ್ಲ, ಅಲ್ಲಿ ಬೆರಳಿಟ್ಟು ನೋಡಿದರು. ನಾನು ಸುಳ್ಳು ಬರೆದಿದ್ದೇನೆ ಎಂಬ ಸಾಲನ್ನು ಅಲ್ಲೇ ಹೊಡೆದು ಸಹಿ ಹಾಕಿದರು.

ಆಮೇಲೆ ಕೂಡಿಸಿ ಕಳೆದು, "ಒಂದು ಪಾಲಿಗೆ ಕಾಗದ ಇಲ್ವಲ್ಲಮ್ಮ" ಎಂದರು. ಅದೂ ಇನ್ನೊಬ್ಬರದೇ ಇರಬೇಕಲ್ಲ, ಯಾರದು ಎಂದು ಬಾಯಲ್ಲಿ ಹೇಳಿದರೂ ಸಾಕು, ಟಿಪ್ಪಣಿ ಹಾಕುತ್ತೇನೆ, ಪೂರ್ತಿ ಸಹಾಯಧನ ಬರುತ್ತದೆ ಎಂದರು. ಪೆನ್ನಿನ ಮುಚ್ಚಳ ತೆಗೆದು ಕಾದರು.

ನನ್ನ ನಾಲಿಗೆಯ ತುದಿಯಲ್ಲಿತ್ತು ಅಮ್ಮಾ. ಅವರು ಒಳ್ಳೆಯವರು, ಯಾರಿಗೂ ಹೇಳುತ್ತಿರಲಿಲ್ಲವೇನೋ. ಒಂದು ಹೆಸರು ಹೇಳಿದ್ದರೆ ಎರಡು ವರ್ಷದ ಓದು ಪುಕ್ಕಟೆ. ಹತ್ತು ವರ್ಷ ನೀನು ಹೇಗೆ ಇದ್ದೆ ಎಂದು ಆಗ ಗೊತ್ತಾಯಿತು. ಆ ಉಳಿದದ್ದರ ಬಗ್ಗೆ ನಾನು ಹೇಳುವುದು ಏನೂ ಇಲ್ಲ ಮೇಡಂ ಎಂದೆ. ಅವರು ನಿನ್ನ ಕಾಗದವನ್ನೂ ನನ್ನ ಮುಖವನ್ನೂ ನೋಡಿದರು. "ಅಮ್ಮ ಮಗಳು ಮೊದಲೇ ಮಾತಾಡ್ಕೊಂಡಿದೀರಾ?" ಎಂದರು. ಇಲ್ಲ, ನಾವಿಬ್ಬರೂ ಮಾತಾಡದೆ ಹದಿನೈದು ದಿನ ಆಯಿತು ಎಂದೆ.

ತೀರ್ಮಾನಕ್ಕೆ ಹತ್ತು ಹದಿನೈದು ದಿನ ಆಗುತ್ತದಂತೆ. ಅಲ್ಲಿಯ ತನಕ ಸೀಟು ಹಿಡಿದಿಡುತ್ತಾರೆ. ಆ ಒಂದು ಪಾಲನ್ನು ನಿನ್ನದೇ ಎಂದು ಲೆಕ್ಕ ಹಿಡಿಯುತ್ತಾರೆ, ಅಷ್ಟರ ಮಟ್ಟಿಗೆ ಸಹಾಯಧನ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಸಾಲ ತೆಗೆಯಬೇಕು. ಅಷ್ಟು ಸಣ್ಣ ಸಾಲಕ್ಕೆ ಅಡವು ಬೇಡ, ಸಂಬಳ ಇರುವ ಒಬ್ಬರ ಜಾಮೀನು ಸಾಕು. ಈ ಸಹಿಯನ್ನು ಕೇಳಬಹುದೇ? ಇದಕ್ಕೆ ನಿನ್ನ ಹೆಸರಿನಲ್ಲಿರುವುದು ಬೇಡ, ನಿನ್ನದು ಇದ್ದರೆ ಸಾಕು.

ನಿನ್ನ ಮಗಳು


ಮೇ 12, ಸೋಮವಾರ

ಮಗಳೇ,

ಇವತ್ತು ಉಪವಾಸ, ಸೋಮವಾರದ್ದು ಮಾತ್ರ. ದಿನವೂ ಹಿಡಿದದ್ದನ್ನು ಬಿಟ್ಟೆ. ಬೆಳಿಗ್ಗೆ ನೀರು ಹಿಡಿಯುವುದಕ್ಕೆ ಪಕ್ಕದ ಅಜ್ಜಿ ಕೈ ಸೇರಿಸಿದರು, ಅರ್ಧ ಚೆಲ್ಲಿದರು. ಕೈ ವಾಸಿಯಾಗುತ್ತಿದೆ, ಹೊಸ ಚರ್ಮ ಬಂದಿದೆ, ಬಿಸಿ ಮತ್ತು ನೀರು ಮುಟ್ಟಬಾರದು ಎಂದು ಈ ವಾರ ನನ್ನನ್ನು ಒಳಗೆ ಬಟ್ಟೆ ವಿಂಗಡಿಸಲು ಕೂರಿಸಿದ್ದಾರೆ. ಕೈಗವಸು ಹಾಕಿಕೊಂಡು ಕುಳಿತರೆ ಸಂಜೆಯ ತನಕ ಏಳುವಂತಿಲ್ಲ.

ಗುರುವಾರ ನೀನು ಕಳಿಸಿದ ತೀರ್ಮಾನದ ಪ್ರತಿ ಸಿಕ್ಕಿತು. ಮೂರರಲ್ಲಿ ಎರಡು ಪಾಲು ಶುಲ್ಕ ಅವರು ಕೊಡುತ್ತಾರೆ. ದೀಪದ ಮುಂದೆ ಇಟ್ಟೆ, ಮತ್ತೆ ತೆಗೆದು ಓದಿದೆ, ಮತ್ತೆ ಇಟ್ಟೆ.

ಶನಿವಾರ ಬ್ಯಾಂಕಿಗೆ ಹೋಗಿ ಜಾಮೀನಿಗೆ ಸಹಿ ಹಾಕಿ ಬಂದೆ. ಅಲ್ಲಿಯ ಅಧಿಕಾರಿ, ಮಗಳು ಕಟ್ಟದಿದ್ದರೆ ನಿಮ್ಮ ಸಂಬಳದಲ್ಲಿ ಹಿಡಿಯುತ್ತೇವೆ ಎಂದು ಹೆದರಿಸಿದರು. ಹಿಡಿಯಿರಿ, ಅದು ನನ್ನದೇ ಎಂದೆ. ಹಾಗೆ ಹೇಳಲು ಎಷ್ಟು ಹಗುರವಾಯಿತು ಎಂದು ಅವರಿಗೇನು ಗೊತ್ತು. ನಮ್ಮಲ್ಲೇ ನಿಮ್ಮ ಖಾತೆ ಇದೆಯಲ್ಲ, ಅದನ್ನೇ ತೋರಿಸಬಹುದಿತ್ತಲ್ಲ, ಬಡ್ಡಿ ಕಡಿಮೆಯಾಗುತ್ತಿತ್ತು ಎಂದು ಕೇಳಿದರು. ಅದು ನನ್ನ ಹೆಸರಿನಲ್ಲಿದೆ, ನನ್ನದಲ್ಲ ಎಂದೆ. ಅವರು ತಲೆ ಕೆರೆದುಕೊಂಡರು.

ಬಾಯ್ಲರಕ್ಕನ ಮನೆಗೆ ಕಾಗದ ಬಂತಂತೆ. ಮನೆಯವನು ಎರಡು ದಿನ ಕೂಗಾಡಿ ಮೂರನೇ ದಿನ, ಬಡ್ಡಿ ಎಷ್ಟು ಬಂದಿದೆ ಎಂದು ಕೇಳಿದನಂತೆ. ಅವಳೂ ಇನ್ನೂ ಐದು ಜನರೂ ಬೇರೆ ಖಾತೆ ಮಾಡಿಸಿಕೊಂಡರು. ಉಳಿದವರು, ನಮ್ಮದು ನಿಮ್ಮ ಹತ್ತಿರವೇ ಇರಲಿ ಎಂದಿದ್ದಾರೆ. ಆ ಒಬ್ಬಳದೂ ಇದೆ. ಯಾವಾಗ ಕೇಳಿದರೂ ಕೊಡುವಂತೆ ಇಟ್ಟಿದ್ದೇನೆ.

ಅವಳ ವಿಷಯವೇ ಹೇಳಬೇಕಿತ್ತು. ನಿನಗೆ ಮೂರನೇ ಪಾಲು ಸಿಗದೆ ಹೋದದ್ದು, ನೀನು ಅದಕ್ಕೆ ಸಾಲ ಹೊತ್ತದ್ದು ಬಾಯ್ಲರಕ್ಕನ ಬಾಯಿಂದ ಅವಳ ಕಿವಿಗೆ ಬಿತ್ತು. ಅವತ್ತಿನಿಂದ ತಲೆಯೆತ್ತುವುದಿಲ್ಲ. ನಾನು ಈ ಕಡೆಯ ಮೂಲೆ ಹಿಡಿದರೆ ಬೇರೆ ಕೆಲಸವಿದೆ ಎಂದು ಹೋಗುತ್ತಿದ್ದಳು. ಹಾಸಿನ ಒಂದು ಅಂಚನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು ನಾನೊಬ್ಬಳೇ ಮಡಿಸುತ್ತಿದ್ದೆ, ನೆಟ್ಟಗೆ ಬರುತ್ತಿರಲಿಲ್ಲ. ಗೇಟಿಗೆ ಹೋಗುವುದನ್ನೂ ಬಿಟ್ಟಿದ್ದಾಳೆ. ನಿನ್ನ ಕಾಗದವನ್ನು ಈಗ ಕಾವಲುಗಾರನೇ ತಂದು ಎಸೆದು ಹೋಗುತ್ತಾನೆ.

ನಿನ್ನ ಮೇಲೆ ನನಗೆ ಕೋಪ ಇಲ್ಲ ಕಣೇ ಎಂದು ಅವಳಿಗೆ ಹೇಳಿ ನೋಡಿದೆ. ನಿಮಗೆ ಇರಲ್ಲ ಅಕ್ಕಾ, ನಿಮ್ಮ ಮಗುವಿಗೆ ಇರುತ್ತೆ ಎಂದಳು. ನಾನು ಅದಕ್ಕೆ ಉತ್ತರ ಕೊಡಲಾರೆ, ಆ ಉತ್ತರ ನನ್ನದಲ್ಲ. ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ನಿನ್ನ ಮನಸ್ಸಿನಲ್ಲಿ ಇರುವುದನ್ನೇ ಬರೆ. ಕೋಪವಿದ್ದರೆ ಇದೆ ಎಂದೇ ಬರೆ, ಅದನ್ನೂ ಕೊಡುತ್ತೇನೆ. ಎರಡು ವರ್ಷ ಸಾಲ ಹೊರುವವಳು ನೀನು. ಕವರಿನ ಮೇಲೆ ಅವಳ ಹೆಸರು ಬೇಡ, ನನ್ನದೇ ಇರಲಿ. ಅದಕ್ಕೆ ನನ್ನ ಹೆಸರು ರೂಢಿಯಾಗಿದೆ.

ತರಗತಿ ಶುರುವಾಗುವ ಮೊದಲು ಒಂದು ಹೊಸ ಶೂ ತೆಗೆದುಕೋ. ದುಡ್ಡು ಕವರಿನಲ್ಲಿದೆ. ಹೊಲಿಗೆ ಯಂತ್ರ ಮಾರಲಿಲ್ಲ, ಕೈ ಸುಡುವ ಮೊದಲು ಹೊಲಿದು ಗಳಿಸಿದ್ದು, ನನ್ನದು.

ನಿನ್ನ ಅಮ್ಮ


ಮೇ 12, ಸೋಮವಾರ

ಉದ್ದಕ್ಕಾ,

ನೀನು ನನ್ನನ್ನು ಕಂಡರೆ ಆ ಕಡೆ ಹೋಗುತ್ತೀಯ, ಅದಕ್ಕೆ ಈ ಚೀಟಿಯನ್ನು ನಿನ್ನ ಇಸ್ತ್ರಿ ಹಾಸುಗಳ ಮೇಲೆ ಇಟ್ಟಿದ್ದೇನೆ. ನಿಧಾನವಾಗಿ ಕೂಡಿಸಿ ಓದು, ಗುಂಡಿಯಕ್ಕನ ಕೈಗೆ ಮಾತ್ರ ಕೊಡಬೇಡ.

ಗುರುವಾರ ಮಧ್ಯಾಹ್ನ ವ್ಯಾನು ಬರುತ್ತದೆ. ನಾನು ಕೈಗವಸು ಹಾಕಿಕೊಂಡು ಒಳಗೆ ಕುಳಿತಿರುತ್ತೇನೆ, ಏಳಲಾಗುವುದಿಲ್ಲ. ಕಾವಲುಗಾರ ಕಾಗದವನ್ನು ಒದ್ದೆ ಬಟ್ಟೆಯ ಮೇಲೆ ಎಸೆದು ಹೋಗುತ್ತಾನೆ, ಹೋದ ಸಲ ಅರ್ಧ ಅಕ್ಷರ ಅಳಿಸಿತ್ತು. ನನ್ನ ಮಗಳ ಉತ್ತರ ಬರುವುದಿದೆ. ಕವರಿನ ಮೇಲೆ ನನ್ನ ಹೆಸರಿರುತ್ತದೆ, ಒಳಗಿರುವುದು ನಿನ್ನದು. ಬೇರೆ ಯಾರ ಕೈಗೂ ಬಿಡದೆ, ನೀನೇ ಗೇಟಿಗೆ ಹೋಗಿ ಅದನ್ನು ತಂದುಕೊಡುತ್ತೀಯಾ?